ಪಾಚಿ ತಿನ್ನುವ ಬಾಡಿಗೆದಾರರು

"ಮೀನು ಅಂದ್ರೆ ಮೀನೇ ಕಣ್ರೀ! ಅದು ಪಾಚಿನಾದ್ರೂ ತಿನ್ಲಿ, ಪಂಚಾಮೃತನಾದ್ರೂ ಕುಡೀಲಿ! ನನ್ನ ಮನೆ ಒಳಗೆ ಮೀನು ಬಂತು ಅಂದ್ರೆ ನೀವು ಹೊರಗೆ!"

ವೀರಮ್ಮನ ದನಿ ಬೀದಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಹೋಯಿತು. ಭಾನುವಾರ ಗಿರಣಿಗೆ ರಜೆ. ಆದರೂ ಜನ ಗಿರಣಿ ಶುರುವಾಯಿತೆಂದೇ ತಿಳಿದರು.

"ವೀರಮ್ಮೋರೇ, ಇವು ಹುಟ್ಟಾ ಸಸ್ಯಾಹಾರಿ. ನಿಮ್ಮಷ್ಟೇ ಶುದ್ಧ," ಎಂದ ತೋಟಪ್ಪ.

"ನನ್ನನ್ನ ಮೀನಿಗೆ ಹೋಲಿಸ್ತೀರೇನ್ರೀ?"

ತೋಟಪ್ಪ ತಾಲ್ಲೂಕು ಕಚೇರಿಯ ಗುಮಾಸ್ತ. ಶಿಕಾರಿಪುರದಲ್ಲಿ ಬಾಡಿಗೆ ಮನೆಗಾಗಿ ಚಪ್ಪಲಿ ಸವೆಸಿ, ಕೊನೆಗೆ ವೀರಮ್ಮನ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಬಚ್ಚಲು ಗಿಟ್ಟಿಸಿದ್ದ. ವೀರಮ್ಮನದು ಒಂದೇ ಕರಾರು: ಮೀನು, ಮಾಂಸ, ಮೊಟ್ಟೆ ಹೊಸ್ತಿಲು ದಾಟಬಾರದು. ಲಿಂಗ ಕಟ್ಟಿದವನಿಗೆ ಇದೆಲ್ಲ ಹೇಳಬೇಕೇ ಎಂದು ತೋಟಪ್ಪ ಎದೆ ಮುಟ್ಟಿಕೊಂಡು ಒಪ್ಪಿದ್ದ. ಬಾಣಂತನಕ್ಕೆಂದು ಸೊರಬದ ತವರಿಗೆ ಹೋಗಿದ್ದ ಹೆಂಡತಿ ಜಗದಾಂಬ ಮೂರು ತಿಂಗಳ ಕೂಸಿನೊಂದಿಗೆ ನಾಳೆ ಬೆಳಗಿನ ಬಸ್ಸಿಗೆ ಬರುವವಳಿದ್ದಳು. ಇಂತಹ ಹೊತ್ತಿನಲ್ಲಿ ಮನೆ ಬಿಡುವ ಮಾತು!

ತಪ್ಪೆಲ್ಲ ಕಿಟಕಿಯದು. ಅವನ ಕೋಣೆಗೂ ವೀರಮ್ಮನ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಹಳೆಯ ಕಿಟಕಿಯೊಂದಿತ್ತು. ಫೋಟೋಗೆ ಕಟ್ಟು ಹಾಕುವ ಮುನೀರ್ ಅಹ್ಮದನಿಂದ ತೋಟಪ್ಪ ಆ ಜಾಗಕ್ಕೆ ಸರಿಯಾಗಿ ಗಾಜಿನ ತೊಟ್ಟಿ ಮಾಡಿಸಿ, ನೀರು ತುಂಬಿ, ಮರಳು ಹಾಸಿ, ನೀರುಗಿಡ ನೆಟ್ಟ. ವೀರಮ್ಮನಿಗೂ ಅದು ಹಿಡಿಸಿತ್ತು. ಆದರೆ ಪಡಸಾಲೆಯ ಬೆಳಕಿಂಡಿಯ ಬಿಸಿಲಿಗೆ ಅವಳ ಕಡೆಯ ಗಾಜಿನ ಮೇಲೆ ಪಾಚಿ ಕಂಬಳಿಯಂತೆ ಬೆಳೆಯಿತು. ತನ್ನ ಕಡೆಯದನ್ನು ತೋಟಪ್ಪ ವಾರಕ್ಕೊಮ್ಮೆ ಒರೆಸುತ್ತಿದ್ದ. ಆ ಕಡೆಗೆ ಗಿಡಗಳ ನಡುವೆ ಕೈ ಹೋಗುತ್ತಿರಲಿಲ್ಲ. ಗಿಡಗಳು ಸೊರಗಿದವು. ಆಗ ಮುನೀರ್ ಬೊಂಬಾಯಿಯಿಂದ ಡಬ್ಬದಲ್ಲಿ ನಾಲ್ಕು ಮೀನು ತಂದುಕೊಟ್ಟ. ಕಿರುಬೆರಳಿಗಿಂತ ಚಿಕ್ಕವು, ಹೊಟ್ಟೆಯಡಿ ಬಾಯಿ, ಬಾಯಿಗೆರಡು ಮೀಸೆ. "ಗಾಜು ನೆಕ್ಕೋದು ಬಿಟ್ರೆ ಇವಕ್ಕೆ ಬೇರೆ ಕೆಲಸಾನೇ ಗೊತ್ತಿಲ್ಲ ಸಾಹೇಬ್ರೇ" ಎಂದಿದ್ದ.

ಆ ಬೆಳಿಗ್ಗೆ ಹಸಿರಿನ ನಡುವೆ ನಾಲ್ಕು ಬಾಯಿ ಕಂಡು ವೀರಮ್ಮ ಕಿರುಚಿದ್ದೇ ಜಗಳದ ಮೂಲ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸದಾಶಿವಪ್ಪ ಕರೆಯದೆಯೇ ಬಂದು ನ್ಯಾಯ ಹೇಳಿದರು. "ವಾದ ಯಾಕ್ರೀ? ಪರೀಕ್ಷೆ ಇಡ್ರಿ."

ವೀರಮ್ಮ ವಿಭೂತಿ ನೆನೆಸಿ, ಗಾಜಿನ ಮೇಲೆ ಮೊರದಗಲದ ಚೌಕ ಬರೆದಳು. "ದೀಪ ಹಚ್ಚೋ ಹೊತ್ತಿಗೆ ಇಷ್ಟೂ ಪಾಚಿ ಖಾಲಿ ಆಗ್ಬೇಕು. ಆದ್ರೆ ಮೀನು ಇರ್ಲಿ. ಇಲ್ಲಾಂದ್ರೆ ಮೀನೂ ಹೊರಗೆ, ನೀವೂ ಹೊರಗೆ."

"ಆಗ್ಲಿ ಬಿಡ್ರೀ!" ಎಂದ ತೋಟಪ್ಪ. ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯ ಅವನಿಗೆ.

ಪಡಸಾಲೆಯಲ್ಲಿ ಚಾಪೆ ಬಿತ್ತು. ಹಾಲು ಹಾಕಲು ಬಂದ ನಿಂಗಮ್ಮ ತಂಬಿಗೆ ಕೆಳಗಿಟ್ಟು, ಟೆಂಟ್ ಸಿನಿಮಾಕ್ಕೆ ಬಂದವಳಂತೆ ಮುಂದಿನ ಸಾಲಿನಲ್ಲೇ ಕೂತಳು. ಆದರೆ ಮೀನುಗಳು ಬೇರಿನ ಸಂದಿಯಿಂದ ಹೊರಗೆ ಬರಲೊಲ್ಲವು.

"ಗಂಡಿನ ಕಡೆಯೋರು ಬಂದಾಗ ಹೆಣ್ಣು ಒಳಗೆ ಕೂತಂಗೆ ಕೂತಾವಲ್ರೀ!" ಎಂದಳು ನಿಂಗಮ್ಮ.

"ಗಲಾಟೆಗೆ ಹೆದರ್ತಾವೆ. ನೀವು ಬಾಯಿ ಮುಚ್ಚಿದ್ರೆ ಅವು ಬಾಯಿ ಬಿಡ್ತಾವೆ," ಎಂದು ಗೋಡೆಯಾಚೆಯಿಂದ ತೋಟಪ್ಪ ಕೂಗಿದ.

ವೀರಮ್ಮ ಬಾಯಿ ಮುಚ್ಚಿದಳು. ಒಂದು ಗಂಟೆ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಆ ಮನೆಯ ಗಡಿಯಾರಕ್ಕೆ ಸದ್ದಿದೆ ಎಂಬುದೇ ಬೀದಿಗೆ ಹೊಸ ಸುದ್ದಿ. ಮೀನುಗಳು ಬಂದವು, ಗಾಜಿಗೆ ಕಚ್ಚಿಕೊಂಡವು, ನೆಕ್ಕತೊಡಗಿದವು.

ಮೇಷ್ಟ್ರಿಗೆ ಅಷ್ಟು ಸಾಲದು. ಮಧ್ಯಾಹ್ನ ಎಲೆಯಲ್ಲಿ ಎರೆಹುಳು ಸುತ್ತಿಕೊಂಡು ತೋಟಪ್ಪನ ಕೋಣೆಗೇ ನುಗ್ಗಿದರು. ತೋಟಪ್ಪ ಗಾಬರಿಯಿಂದ ಅಕ್ಕಿ ಡಬ್ಬದ ಮೇಲೆ ಕೂತುಬಿಟ್ಟ.

"ಕುರ್ಚಿ ಬಿಟ್ಟು ಅಲ್ಲಿ ಯಾಕ್ರೀ ಕೂತೀರಿ?"

"ಬೆನ್ನು ನೋವು ಮೇಷ್ಟ್ರೇ. ಡಬ್ಬ ತಣ್ಣಗಿರುತ್ತೆ."

ಮೇಷ್ಟ್ರು ಎರೆಹುಳು ನೀರಿಗೆ ಬಿಟ್ಟರು. ಮೀನುಗಳು ತಿರುಗಿಯೂ ನೋಡಲಿಲ್ಲ.

"ಅಯ್ಯೋ ಶಿವನೇ! ನಮ್ಮ ಜಂಗಮರಷ್ಟು ಮಡಿ!" ಎಂದು ಪಡಸಾಲೆಯಲ್ಲಿ ವೀರಮ್ಮನ ದನಿಯೇ ಕರಗಿತು.

ಸಂಜೆ ಸಮೀಪಿಸಿತು. "ಇನ್ನೊಂದು ಅಂಗೈಯಗಲ... ಇನ್ನೆರಡು ಬೆರಳು..." ಗೋಡೆಯಾಚೆ ಎಣಿಕೆ ನಡೆದಿತ್ತು. ತೋಟಪ್ಪ ಮೀಸೆ ತಿರುವಿದ. ಮನೆ ಉಳಿಯಿತು, ಮೀನೂ ಉಳಿಯಿತು, ನಾಳೆ ಜಗದಾಂಬ ಬರುತ್ತಾಳೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಗ ನೆನಪಾಯಿತು. ಅವಳು ಬರುವಷ್ಟರಲ್ಲಿ ಅಕ್ಕಿ ಡಬ್ಬದ ತಳ ಖಾಲಿಯಾಗಬೇಕೆಂಬುದೂ ನೆನಪಾಯಿತು. ಕತ್ತಲಾಗುತ್ತಿತ್ತು. ಬಲ್ಬು ಹಾಕಿದ. ಸೀಮೆಎಣ್ಣೆ ಸ್ಟೌ ಹಚ್ಚಿ ನೀರಿಟ್ಟ. ಕೆಲಸ ಮುಗಿಸಿ, ತಟ್ಟೆ ಮುಂದಿಟ್ಟುಕೊಂಡು ಆರಾಮವಾಗಿ ಕೂತ.

ಆಚೆ ಕಡೆ ಎಣಿಕೆ ನಿಂತಿತು.

ಮೀನು ಗೆದ್ದವು ಎಂದುಕೊಂಡು ತೋಟಪ್ಪ ನಗುತ್ತ ತಲೆ ಎತ್ತಿದ. ಎಂಟು ತಿಂಗಳಿಂದ ಹಸಿರು ಪರದೆ ಇದ್ದಲ್ಲಿ ಈಗ ತೊಳೆದ ಕನ್ನಡಿಯಂಥ ಗಾಜು. ಅದರಾಚೆಯ ಮಬ್ಬಿನಲ್ಲಿ ಮೂರು ಮುಖ. ಈಚೆ, ಬಲ್ಬಿನ ನೇರ ಕೆಳಗೆ, ಅವನ ಕೈಯಲ್ಲಿ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆ. ನೀರಿನೊಳಗಿಂದ ನೋಡಿದವರಿಗೆ ಅದು ತೆಂಗಿನಕಾಯಿಯಷ್ಟು ದಪ್ಪ ಕಾಣುತ್ತಿತ್ತು.

"ಬಾಳೆಹಣ್ಣು ಇರಬೇಕು," ಎಂದರು ಮೇಷ್ಟ್ರು, ಉಪಕಾರ ಮಾಡುವವರಂತೆ.

"ಬಾಳೆಹಣ್ಣಿಗೆ ಮೆಣಸಿನ ಪುಡಿ ಹಾಕ್ತಾರೇನ್ರೀ?" ಎಂದಳು ನಿಂಗಮ್ಮ. "ತಟ್ಟೇಲಿ ಇನ್ನೊಂದೂ ಐತ್ರಿ."

ವೀರಮ್ಮ ಕೂಗಲಿಲ್ಲ. ಅವಳು ಸುತ್ತಿ ಬಂದು ಬಾಗಿಲಲ್ಲಿ ನಿಂತಳು.

"ನಾನು ಆಡಿದ ಮಾತಿಗೆ ತಪ್ಪೋಳಲ್ಲ. ಮೀನು ಗೆದ್ದಾವೆ, ಅವು ಈ ಮನೇಲೇ ಇರ್ತಾವೆ," ಎಂದಳು. "ನಿಮ್ಮ ಟ್ರಂಕು ಎಲ್ಲೈತೆ?"

ತೋಟಪ್ಪ ಟ್ರಂಕು ತುಂಬಿದ. ಹೊಸ್ತಿಲು ದಾಟುವಾಗ ವೀರಮ್ಮ ಹಿಂದಿನಿಂದ ಕರೆದಳು. ಅವನಿಗೆ ಆಸೆ ಚಿಗುರಿತು.

"ಗುಮಾಸ್ತ್ರೇ, ಪಾಚಿ ಮುಗಿದ ಮೇಲೆ ಇವಕ್ಕೆ ಸೋರೆಕಾಯಿ ಹಾಕಬಹುದೇನ್ರೀ?"

"ಬೇಯಿಸಿ ಹಾಕ್ರಿ," ಎಂದ ತೋಟಪ್ಪ.

ಟ್ರಂಕನ್ನು ಹೆಗಲಿಗೇರಿಸಿ, ಸೊರಬದ ಕೊನೆಯ ಬಸ್ಸು ಹಿಡಿಯಲು ನಡೆದ. ಹೆಂಡತಿಗೆ ಏನು ಹೇಳುವುದೆಂದು ಶಿರಾಳಕೊಪ್ಪದವರೆಗೂ ಯೋಚಿಸಿದ, ಹೊಳೆಯಲಿಲ್ಲ. ಆ ಬೀದಿಗೆ ಅವನು ಮತ್ತೆ ಕಾಲಿಡಲಿಲ್ಲ.