ಬ್ರೈಟ್ ಹಾರ್ಬರ್ ಕಾಲೇಜಿನ ಯೋಗಾಭ್ಯಾಸ

ಮನುಷ್ಯರ ಯೋಗ್ಯತೆಯನ್ನು ಏಳು ಸೆಕೆಂಡಿನಲ್ಲಿ ಅಳೆಯುವ ವಿದ್ಯೆ ನನಗೆ ಸಿದ್ಧಿಸಿದೆ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ಸಮರ್‌ಸೆಟ್ಟಿನ ನಮ್ಮ ಕಂಪನಿಯಲ್ಲಿ ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳಬೇಕಾದರೆ ಅರ್ಜಿಗಳು ಮೊದಲು ಬರುವುದು ನನ್ನ ಮೇಜಿಗೆ. ಮ್ಯಾನೇಜರ್ ಜಯತೀರ್ಥರು (ಅಂದರೆ ನಾನೇ) ಹೆಸರು ನೋಡುವುದಿಲ್ಲ, ಅನುಭವ ನೋಡುವುದಿಲ್ಲ, ನೇರವಾಗಿ ಕಾಲೇಜಿನ ಸಾಲಿಗೆ ಹೋಗುತ್ತಾರೆ. ಈ ದೇಶದಲ್ಲಿ ಕೆಲವು ಕಾಲೇಜುಗಳು ಅಂಗಡಿಯ ಹಾಗೆ ಲಾಭಕ್ಕೆಂದೇ ನಡೆಯುತ್ತವೆ. ಬಸ್ಸಿನ ಬೆನ್ನ ಮೇಲೆ ಜಾಹೀರಾತು, ಫೋನ್ ಮಾಡಿದ ದಿನವೇ ಅಡ್ಮಿಷನ್. ಅಂಥ ಹೆಸರು ಕಂಡರೆ ಅರ್ಜಿ ಸೀದಾ ಬುಟ್ಟಿಗೆ. (ರೀಸೈಕಲ್ ಬುಟ್ಟಿಗೆ. ಪರಿಸರದ ವಿಷಯದಲ್ಲಿ ನನಗೆ ಬಹಳ ಕರುಣೆ.)

ಅಂಥ ಮಹಾಪುರುಷನ ಧರ್ಮಪತ್ನಿ ಎಲ್ಲಿಗೆ ಓದಲು ಹೋಗಬೇಕು ಹೇಳಿ?

ನನ್ನ ಹೆಂಡತಿ ತ್ರಿಪುರಸುಂದರಿ ಕೆಲಸ ಮಾಡಲು ಬಿಡದ ವೀಸಾದ ದೆಸೆಯಿಂದ ವರ್ಷಗಟ್ಟಲೆ ಮನೆಯಲ್ಲೇ ಕೂತವಳು. ಗ್ರೀನ್ ಕಾರ್ಡ್ ಬಂದ ಮರುವಾರವೇ ಒಂದು ಬಸ್ಸಿನ ಬೆನ್ನು ಓದಿಕೊಂಡು ಬಂದು, ಬ್ರೈಟ್ ಹಾರ್ಬರ್ ಕಾಲೇಜಿಗೆ ಸೇರಿಬಿಟ್ಟಳು. ಎರಡು ವರ್ಷದ ಡಿಗ್ರಿ, ಆಸ್ಪತ್ರೆಗಳ ಬಿಲ್ಲಿಂಗ್ ಮತ್ತು ಆಡಳಿತ. ಕಾಲೇಜು ಇರುವುದು ಒಂದು ಅಂಗಡಿ ಸಾಲಿನಲ್ಲಿ. ಎಡಕ್ಕೆ ಉಗುರಿಗೆ ಬಣ್ಣ ಹಚ್ಚುವ ಸಲೂನು, ಬಲಕ್ಕೆ ಪಿಜ್ಜಾ.

"ಸರ್ಕಾರದ ಕಮ್ಯುನಿಟಿ ಕಾಲೇಜಿಗೆ ಸೇರಬಾರದಿತ್ತೇನೇ? ಅದಕ್ಕೊಂದು ಮರ್ಯಾದೆ ಇರತ್ತೆ" ಎಂದೆ.

"ಅಲ್ಲಿ ಈ ಕ್ಲಾಸಿರೋದು ಮಧ್ಯಾಹ್ನ ಮೂರಕ್ಕೆ. ಆಗ ಹಂಸಿನಿನ ಸ್ಕೂಲಿಂದ ಸ್ವಿಮ್ಮಿಂಗಿಗೆ, ಅಲ್ಲಿಂದ ವೀಣೆ ಪಾಠಕ್ಕೆ ಡ್ರೈವ್ ಮಾಡೋರು ಯಾರು? ನೀವಾ?"

(ನಾನಲ್ಲ.)

ಇಷ್ಟಾದರೆ ಚಿಂತೆಯಿರಲಿಲ್ಲ. ನಾವಿರುವ ಮನ್ರೋದಲ್ಲಿ ನಮ್ಮವರ ಮನೆಗಳು ಒತ್ತೊತ್ತಾಗಿವೆ. ಯಾರ ಕಾರು ಎಷ್ಟು ಹೊತ್ತಿಗೆ ಹೊರಟಿತು ಎಂಬುದು ಎಲ್ಲರಿಗೂ ಗೊತ್ತು. "ಮನೆಯವರು ಸಂಜೆ ಹೊತ್ತು ಕಾಣೋದೇ ಇಲ್ವಲ್ಲ ಸಾರ್?" ಎಂದು ಯಾರೋ ಕೇಳಿದಾಗ ನನ್ನ ಬಾಯಿಂದ ತಾನಾಗಿ ಹೊರಬಿತ್ತು: "ಯೋಗ ಕ್ಲಾಸಿಗೆ ಹೋಗ್ತಾಳೆ." ಆ ಸುಳ್ಳು ಎರಡು ವರ್ಷ ಬಾಳಿತು. ಇಷ್ಟು ಯೋಗ ಮಾಡಿಯೂ ಸುಂದರಿ ಒಂದು ಸುತ್ತೂ ಇಳಿದಿಲ್ಲವೆಂದು ಊರಿನವರು ಆಶ್ಚರ್ಯಪಟ್ಟರೇ ಹೊರತು ಅನುಮಾನ ಪಡಲಿಲ್ಲ.

ಪದವಿ ಪ್ರದಾನದ ದಿನ ಅವಳು ನೀಲಿ ಗೌನು, ಚೌಕದ ಟೋಪಿ ಹಾಕಿಕೊಂಡು ಮನೆ ಮುಂದೆ ನಿಂತಳು. ಮಗಳು ಹಂಸಿನಿ ಫೋಟೋ ತೆಗೆದಳು. "ವಾಟ್ಸಾಪ್ ಗ್ರೂಪಿಗೆಲ್ಲ ಹಾಕ್ಬೇಡಿ, ದೃಷ್ಟಿಯಾಗತ್ತೆ" ಎಂದೆ. ಸುಂದರಿ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ, ಗೌನು ಮಡಿಸಿಟ್ಟಳು. ಬೈಯಲಿಲ್ಲ. ನಲವತ್ತೊಂಬತ್ತು ದಾಟಿದ ನನಗೆ ಇಂಥದ್ದೆಲ್ಲ ಅರ್ಥವಾಗುವುದು ತಡ.

ಕಳೆದ ಶನಿವಾರ ಲೋಕನಾಥ, ಸರೋಜಿನಿ ದಂಪತಿಗಳ ಮನೆಯಲ್ಲಿ ಊಟ. ಉಡುಪಿ ಕಡೆಯವರು. ಲೋಕನಾಥರು ಮೆಟುಚೆನ್ನಿನಲ್ಲಿ ಹಲ್ಲಿನ ಡಾಕ್ಟರು; ಕ್ಲಿನಿಕ್ಕಿನ ವ್ಯವಹಾರವೆಲ್ಲ ಸರೋಜಿನಿಯವರ ಕೈಯಲ್ಲಿ. ನಾಲ್ಕನೆಯ ನೀರುದೋಸೆ ನನ್ನ ತಟ್ಟೆಗೆ ಬೀಳುವ ಹೊತ್ತಿಗೆ ಸರೋಜಿನಿ ಕೇಳಿದರು.

"ಜಯತೀರ್ಥರೇ, ನಮ್ಮ ಕ್ಲಿನಿಕ್ಕಿಗೆ ಬಿಲ್ಲಿಂಗ್ ನೋಡ್ಲಿಕ್ಕೆ ಒಬ್ರು ಬೇಕು. ಬ್ರೈಟ್ ಹಾರ್ಬರ್ ಕಾಲೇಜಿಂದು ಒಂದು ಅರ್ಜಿ ಬಂದಿದೆ. ಹೇಗೆ ಆ ಕಾಲೇಜು? ನಿಮಗೆ ಗೊತ್ತುಂಟಲ್ಲ?"

ಮೇಜಿನ ಕೆಳಗೆ ಸುಂದರಿ ನನ್ನ ಕಾಲು ತುಳಿದಳು. ದೋಸೆ ಸಾಕು ಎಂಬ ಸೂಚನೆ ಎಂದುಕೊಂಡೆ. ಅಲ್ಲದೆ, ಇಂಥ ಪ್ರಶ್ನೆಗೆ ಮೆತ್ತಗೆ ಉತ್ತರಿಸಿದರೆ ಯೋಗದ ಗುಟ್ಟು ಎಲ್ಲಿ ರಟ್ಟಾಗುವುದೋ ಎಂಬ ಭಯ. ಆದ್ದರಿಂದ ಎರಡು ಪಟ್ಟು ಜೋರಾಗಿಯೇ ಶುರು ಮಾಡಿದೆ.

"ಕಾಲೇಜಾ ಅದು? ಅಂಗಡಿ! ಡಿಗ್ರಿ ಮಾರೋ ಅಂಗಡಿ. ನನ್ನ ಟೇಬಲ್ಲಿಗೆ ಬಂದಿದ್ರೆ ಏಳು ಸೆಕೆಂಡೂ ಇಡ್ತಿರ್ಲಿಲ್ಲ."

"ಆದ್ರೂ ಎರಡು ವರ್ಷ ಓದಿದಾರಲ್ವಾ..." ಎಂದರು ಸರೋಜಿನಿ, ಸ್ವಲ್ಪ ಗಲಿಬಿಲಿಗೊಂಡು.

"ಓದೋದೇನ್ ಬಂತು? ದುಡ್ಡು ಕೊಟ್ಟು ಸೀಟು ತಗೊಂಡೋರಿಗೆ ವಿದ್ಯೆ ಬೆಲೆ ಏನ್ ಗೊತ್ತಿರತ್ತೆ ಮೇಡಂ? ನಾವೆಲ್ಲ ಮೆರಿಟ್ ಮೇಲೆ ಬಂದೋರು. ನಮಗೂ ಅವ್ರಿಗೂ ಎಲ್ಲಿಯ ಸಾಟಿ?"

"ಅಪ್ಪಾ, ಪ್ಲೀಸ್ ಸ್ಟಾಪ್ ಟಾಕಿಂಗ್" ಎಂದಳು ಹಂಸಿನಿ.

ಡಾಕ್ಟರ್ ಲೋಕನಾಥರು ಚಟ್ನಿಯಲ್ಲಿ ಏನೋ ಕಳೆದುಕೊಂಡವರಂತೆ ತಟ್ಟೆ ನೋಡತೊಡಗಿದರು. ಸರೋಜಿನಿಯವರ ಕೈಯಲ್ಲಿ ಸೌಟು ಹಾಗೆಯೇ ನಿಂತಿತು.

"ಎಂತ ಹೇಳ್ತಿದ್ದೀರಿ ಮಾರಾಯ್ರೆ! ಅದು ಸುಂದರಿಯದ್ದೇ ಅರ್ಜಿ. ನೀವು ನಾಲ್ಕು ಒಳ್ಳೆ ಮಾತು ಹೇಳ್ತೀರಿ ಅಂತ ಕೇಳಿದ್ದು ನಾನು."

"ಹಾಗಾದ್ರೆ... ಯೋಗ?" ಎಂದರು ಲೋಕನಾಥ.

ಭೂಮಿ ಬಾಯಿಬಿಡಲಿ ಎಂದು ಪ್ರಾರ್ಥಿಸಿದೆ. ಅವರ ಮನೆಯ ನೆಲ ಗಟ್ಟಿ ಓಕ್ ಮರದ್ದು, ಬಿಡಲಿಲ್ಲ.

ಸುಂದರಿ ತಲೆಯೆತ್ತಲಿಲ್ಲ. ಕೆಲಸ ಸಿಕ್ಕ ಮೇಲೆ ನನಗೆ ಹೇಳಿ ಖುಷಿಪಡಿಸಬೇಕೆಂದು ಗುಟ್ಟಾಗಿ ಹಾಕಿದ ಅರ್ಜಿ ಅದು. ಸಿಗುವ ಮೊದಲೇ, ನಾಲ್ಕು ಜನರೆದುರು, ಸ್ವಂತ ಗಂಡನೇ ಅದಕ್ಕೆ ಎಳ್ಳುನೀರು ಬಿಟ್ಟಿದ್ದ.

ಸರೋಜಿನಿಯವರು ಸೌಟು ಕೆಳಗಿಟ್ಟರು. "ನೋಡು ಸುಂದರಿ, ಸುಳ್ಳು ಹೇಳುವುದಿಲ್ಲ. ಆ ಕಾಲೇಜಿನ ಹೆಸರು ಕಂಡಾಗ ನನಗೂ ಸ್ವಲ್ಪ ಸಂಶಯ ಬಂತು. ಮೊದಲು ಅಲ್ಲಿಂದ ಬಂದ ಒಬ್ಬಳಿಗೆ ಎಂತದೂ ಗೊತ್ತಿರಲಿಲ್ಲ. ಇನ್ನೊಬ್ಬಳು ನಾಲ್ಕು ವರ್ಷ ಚಿನ್ನದ ಹಾಗೆ ಕೆಲಸ ಮಾಡಿದ್ಳು. ನೀನು ಸೋಮವಾರ ಬಾ. ಒಂದು ವಾರ ನೋಡುವ. ಇನ್ಶೂರೆನ್ಸಿನವರು ಬಿಲ್ಲು ವಾಪಸ್ ಕಳಿಸದಿದ್ರೆ ಕೆಲಸ ನಿನ್ನದು."

ಮನೆಗೆ ಹೊರಟಾಗ ಹಿಂದಿನ ಸೀಟಿನಲ್ಲಿ ಹಂಸಿನಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಎರಡು ಸಿಗ್ನಲ್ ದಾಟಿದೆವು.

"ನಾನು ಒಟ್ಟಾರೆ ತತ್ವದ ಮಾತು ಹೇಳ್ದೆ ಕಣೇ" ಎಂದೆ.

"ಮೆರಿಟ್ ಅಂದ್ರಿ."

"ಹೂಂ... ಅಂದೆ."

"ರೀ, ನಿಮ್ಮ ಇಂಜಿನಿಯರಿಂಗ್ ಸೀಟು ಯಾವುದು?"

ಇಲ್ಲಿ ಓದುಗರಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. ಹೆಣ್ಣು ನೋಡಲು ಹಾಸನಕ್ಕೆ ಹೋದ ದಿನ ಭಾವಿ ಮಾವನವರು ಇದೇ ಪ್ರಶ್ನೆ ಕೇಳಿದ್ದರು. ನನ್ನ ಸೋದರಮಾವ ಎದೆಯುಬ್ಬಿಸಿ "ಮೆರಿಟ್ ಸೀಟು" ಎಂದಿದ್ದ. ನಾನು ಉಪ್ಪಿಟ್ಟು ನೋಡುತ್ತಾ ಕೂತಿದ್ದೆ. ಸಿಇಟಿಯಲ್ಲಿ ನನಗೆ ಬಂದ ರ‍್ಯಾಂಕು ಪಿನ್‌ಕೋಡಿನಷ್ಟು ಉದ್ದವಿತ್ತು. ಅಪ್ಪ ತಮ್ಮ ಬಜಾಜ್ ಸ್ಕೂಟರನ್ನೂ ಅಮ್ಮನ ಎರಡು ಬಳೆಗಳನ್ನೂ ಮಾರಿ, 'ಕಟ್ಟಡ ನಿಧಿ' ಎಂಬ ಗೌರವಾನ್ವಿತ ಹೆಸರಿನಲ್ಲಿ ಡೊನೇಷನ್ ಕಟ್ಟಿ, ಒಂದು ಖಾಸಗಿ ಕಾಲೇಜಿನಲ್ಲಿ ನನಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದ್ದರು. ಈ ರಹಸ್ಯವನ್ನು ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದಿದ್ದೇನೆ ಎಂಬುದು ನನ್ನ ತಿಳಿವಳಿಕೆ.

"ಮೆರಿಟ್ಟೇ... ಅಂತ ನೆನಪು" ಎಂದೆ.

"ನಮ್ಮಪ್ಪ ಎಲ್ಲಿ ಕೆಲ್ಸ ಮಾಡ್ತಿದ್ರು?"

"ಹಾಸನದಲ್ಲಿ. ಬ್ಯಾಂಕಲ್ಲಿ."

"ಡಿ.ಡಿ. ಕೌಂಟರಲ್ಲಿ" ಎಂದಳು ಸುಂದರಿ, ರಸ್ತೆಯನ್ನೇ ನೋಡುತ್ತಾ. "ಕಟ್ಟಡ ನಿಧಿಗೆ ಡಿ.ಡಿ. ತೆಗೆಸೋಕೆ ನಿಮ್ಮಪ್ಪ ಬಂದಾಗ ಅದನ್ನ ಬರೆದುಕೊಟ್ಟಿದ್ದು ನಮ್ಮಪ್ಪನೇ. ಪಕ್ಕದ ಬೆಂಚಲ್ಲಿ ನೀವು ಕೂತ್ಕೊಂಡು ಅಳ್ತಾ ಇದ್ರಂತೆ. ಹೆಣ್ಣು ನೋಡೋಕೆ ಬಂದ ದಿನ ನಿಮ್ಮಪ್ಪನ್ನ ನೋಡಿದ ತಕ್ಷಣ ಗುರುತು ಸಿಕ್ತಂತೆ."

ಕಾರು ತನ್ನಷ್ಟಕ್ಕೆ ಓಡುತ್ತಿತ್ತು. ಓಡಿಸುತ್ತಿದ್ದವನು ನಾನೇ ಎಂದು ಈಗಲೂ ಹೇಳಲಾರೆ.

"ಮತ್ತೆ... ಮತ್ಯಾಕೆ ಒಪ್ಪಿದ್ರು?"

"ಅವತ್ತೇ ನಾನೂ ಕೇಳ್ದೆ. ಅಪ್ಪ ಅಂದ್ರು, 'ಸೀಟು ಕೊಂಡಿದ್ದೇನೋ ನಿಜ. ಆದ್ರೆ ಅಪ್ಪನ ಸ್ಕೂಟರ್ ಹೋಯ್ತು ಅಂತ ನಾಚಿಕೆಯಿಂದ ಅತ್ತ ಹುಡುಗ. ಇಂಥವನು ಮುಂದೆ ಯಾರನ್ನೂ ಕೀಳಾಗಿ ನೋಡಲ್ಲ, ಕೊಡೋಣ' ಅಂತ." ಸೀಟ್ ಬೆಲ್ಟ್ ಸರಿಮಾಡಿಕೊಂಡು ಹೇಳಿದಳು: "ಪಾಪ, ಅವ್ರು ಡಿ.ಡಿ. ಲೆಕ್ಕದಲ್ಲಿ ಒಂದ್ಸಲನೂ ತಪ್ಪು ಮಾಡಿದವರಲ್ಲ."

ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಕಾಲೇಜಿನ ಬಗ್ಗೆ ಎರಡು ವರ್ಷ ಪಟ್ಟ ನಾಚಿಕೆಯೆಲ್ಲ ಸೇರಿದರೂ ಇದರ ಕಾಲು ಭಾಗ ಆಗುತ್ತಿರಲಿಲ್ಲ.

ಭಾನುವಾರ, ಅವಳು ಗೌನು ತೊಟ್ಟು ನಿಂತಿದ್ದ ಆ ಫೋಟೋವನ್ನು ನಾನೇ ಮನ್ರೋ ಗ್ರೂಪಿಗೆ ಹಾಕಿದೆ. ಕಾಲೇಜಿನ ಹೆಸರನ್ನೂ ಬರೆದೆ. ಸುಂದರಿ ಅದನ್ನು ನೋಡಿ, "ನೀಟಾಗಿ ಬಂದಿದೆ" ಎಂದಳು. ಅಷ್ಟೇ.

ಸೋಮವಾರ ಅವಳನ್ನು ಮೆಟುಚೆನ್ನಿಗೆ ನಾನೇ ಬಿಟ್ಟೆ. ಒಳಗೆ ಹೋದವಳು ತಿರುಗಿ ನೋಡಲಿಲ್ಲ. ಹೊರಡಲು ಮನಸ್ಸಾಗದೆ ನಾನೂ ಒಳಹೋಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತೆ. ಗಾಜಿನ ಕಿಂಡಿಯ ಹಿಂದೆ ಸುಂದರಿ ಕನ್ನಡಕ ಏರಿಸಿ, ಯಾವುದೋ ಇನ್ಶೂರೆನ್ಸ್ ಕಂಪನಿಯವನಿಗೆ ಫೋನಿನಲ್ಲಿ ನಿಧಾನವಾಗಿ, ಖಡಕ್ಕಾಗಿ ಅವನ ತಪ್ಪನ್ನು ವಿವರಿಸುತ್ತಿದ್ದಳು. ನನ್ನ ಕಂಪನಿಯಲ್ಲಿ ಹಾಗೆ ಮಾತಾಡುವವರು ಒಬ್ಬರೂ ಇಲ್ಲ. ಇಂಥವರ ಎಷ್ಟು ಅರ್ಜಿಗಳನ್ನು ಬುಟ್ಟಿಗೆ ಹಾಕಿದ್ದೆನೋ ಎಂದು ನೆನೆಯುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ಮತ್ತೆ ಬೆಂಚು, ಮತ್ತೆ ಅಳು!

ಡಾಕ್ಟರ್ ಲೋಕನಾಥರು ಹೊರಬಂದವರು ಗಾಬರಿಯಾದರು. "ಎಂತ ಆಯ್ತು? ಹಲ್ಲು ನೋವಾ?"

ಹೌದೆಂದು ತಲೆಯಾಡಿಸಿದೆ. (ಹಳೆಯ ಅಭ್ಯಾಸ.)

ಕಿಂಡಿ ಸರಿಯಿತು. ಸುಂದರಿ ರೋಗಿಗಳು ತುಂಬುವ ಒಂದು ಫಾರಂ, ಒಂದು ಪೆನ್ನು ಹೊರಗೆ ಚಾಚಿದಳು.

"ಇದನ್ನ ತುಂಬಿಕೊಡಿ ಸಾರ್" ಎಂದಳು. "ಎಲ್ಲಾ ನಿಜ ಬರೀರಿ. ಸುಳ್ಳು ಬರೆದ್ರೆ ವಾಪಸ್ ಬರತ್ತೆ."