ಆಲೂಗಡ್ಡೆ ತಿನ್ನುವ ಹಂಸ

ಮೊಮ್ಮಕ್ಕಳ ಮುಂದೆ ಪಂಡಿತರಾಗುವುದಕ್ಕೆ ಓದು ಬೇಕಿಲ್ಲ. ಧೈರ್ಯ ಇದ್ದರೆ ಸಾಕು. ನಾನು ಮಂಡ್ಯದಲ್ಲಿ ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೆ ಇಲ್ಲಿ ಅಮೆರಿಕದ ಕೆನ್ಮೋರ್‌ನಲ್ಲಿ, ಮಗಳ ಮನೆಯ ಸೋಫಾದ ಮೇಲೆ ಕೂತು, ಗುಡುಗು ಯಾಕೆ ಬರುತ್ತದೆ, ಚಂದ್ರನೊಳಗಿನ ಮೊಲ ಏನು ತಿನ್ನುತ್ತದೆ, ಎಲ್ಲವನ್ನೂ ತಡವರಿಸದೆ ಹೇಳಿಬಿಡುತ್ತೇನೆ. ಆರು ವರ್ಷದ ಮೊಮ್ಮಗಳು ಅನುಷಾ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ "ವಾವ್!" ಅನ್ನುತ್ತಾಳೆ. ಆ ಒಂದು "ವಾವ್"ಗೆ ಉಬ್ಬಿ ನಾನು ಇನ್ನೂ ನಾಲ್ಕು ಮಾತು ಸೇರಿಸುತ್ತೇನೆ.

ಹೀಗೆ ಒಂದು ದಿನ ಹಂಸದ ವಿಷಯ ಬಂತು. ಅದು ಸರಸ್ವತಿಯ ವಾಹನ, ಮುತ್ತು ತಿನ್ನುತ್ತದೆ, ನೀರು ಬೆರೆಸಿದ ಹಾಲಿಟ್ಟರೆ ಹಾಲನ್ನಷ್ಟೇ ಕುಡಿದು ನೀರು ಬಿಡುತ್ತದೆ ಎಂದೆ. (ಅಂಥದ್ದೊಂದು ಹಕ್ಕಿ ನನ್ನ ಹತ್ತಿರ ಇದ್ದಿದ್ದರೆ ಬಾಗಿಲಲ್ಲಿ ಕಟ್ಟಿ, ನಮ್ಮ ಹಾಲಿನವನ ಬೆವರಿಳಿಸುತ್ತಿದ್ದೆ.) ಹುಡುಗಿ ಹೋಗಿ ಅದನ್ನು ಕ್ಲಾಸಿನಲ್ಲಿ ಹೇಳಿದಳು. ಮಕ್ಕಳೆಲ್ಲ ನಕ್ಕರಂತೆ. ಇವಳು ಅಳಲಿಲ್ಲ. "ಮೈ ಅಜ್ಜಿ ನೆವರ್ ಲೈಸ್!" ಎಂದು ಕೂಗಿ, ಸೋಮವಾರ ಬಂದು ಸಾಬೀತು ಮಾಡುತ್ತೇನೆಂದೂ ಹೇಳಿ ಬಂದಳಂತೆ. ನನಗೆ ಸಂತೋಷಕ್ಕೆ ಊಟ ಸೇರಲಿಲ್ಲ, ಭಯಕ್ಕೆ ನಿದ್ದೆ ಬರಲಿಲ್ಲ.

ಶನಿವಾರ ಮಗಳು ಸುಮ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು, ಹಂಸ ತೋರಿಸಲು ಉತ್ತರದ ಹೊಲಗಳ ಕಡೆ ಹೊರಟಳು. ಅನುಷಾಳ ತೊಡೆಯ ಮೇಲೆ ನೀರುಹಾಲಿನ ಡಬ್ಬಿ.

"ಅಮ್ಮ, ಇಲ್ಲಿನ ಹಂಸಗಳು ಅಲಾಸ್ಕಾದ ತುದಿಯಿಂದ ಬರ್ತವೆ. ಅಲ್ಲಿ ಮರಾನೇ ಬೆಳೆಯಲ್ಲ. ಬೇಸಿಗೇಲಿ ಅಲ್ಲಿ ಮೊಟ್ಟೆ ಇಟ್ಟು, ಚಳಿಗೆ ಮರಿ ಕರ್ಕೊಂಡು ಇಲ್ಲಿಗೆ ಬಂದುಬಿಡ್ತವೆ" ಎಂದಳು ಸುಮ.

"ಜಾಣ ಹಕ್ಕಿ ಕಣೇ. ನನ್ನ ನೋಡು, ಮಂಡ್ಯದ ಬಿಸಿಲು ಬಿಟ್ಟು ಚಳೀಗೇ ಬಂದಿದೀನಿ!"

ಹೊಲದ ತುಂಬ ಬೆಳ್ಳಗೆ ಹಂಸಗಳು. ಕಾರಿಳಿದವಳೇ ಕೈಮುಗಿದೆ. ಆಮೇಲೆ ಕಣ್ಣು ಬಿಟ್ಟು ನೋಡಿದರೆ, ಸರಸ್ವತಿಯ ವಾಹನ ಕತ್ತಿನವರೆಗೂ ಕೆಸರು ಮಾಡಿಕೊಂಡು, ಕೊಯ್ಲಿನಲ್ಲಿ ಉಳಿದ ಆಲೂಗಡ್ಡೆ ಕೆದಕುತ್ತಿತ್ತು. ನೀರು ನಿಂತ ಕಡೆ ಇನ್ನೊಂದು ತಲೆ ಮುಳುಗಿಸಿ, ಹಿಂಭಾಗವನ್ನು ಆಕಾಶಕ್ಕೆ ಎತ್ತಿತ್ತು. ನನ್ನ ನಮಸ್ಕಾರ ಯಾವ ಭಾಗಕ್ಕೆ ಸಂದಿತೋ ದೇವರೇ ಬಲ್ಲ. ಕಪ್ಪು ಕೊಕ್ಕು, ಕಣ್ಣಿನ ಹತ್ತಿರ ಅರಿಶಿನ ಮೆತ್ತಿದಂತೆ ಹಳದಿ ಚುಕ್ಕೆ. ಒಂದರ ಚುಕ್ಕೆ ಇನ್ನೊಂದರ ಹಾಗಿಲ್ಲ. ಅಪ್ಪ ಅಮ್ಮನ ಹಿಂದೆ ಬೂದಿಯಲ್ಲಿ ಹೊರಳಿದಂಥ ಮರಿಗಳು. ದನಿಯೋ, ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕಿದಾಗ ಏಳುವ ಗಲಾಟೆ. ನಡಿಗೆಯಂತೂ ತುಂಬು ಬಸುರಿಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವುದು. ಹೆಣ್ಣು ನೋಡಲು ಬಂದಾಗ ನಮ್ಮತ್ತೆ "ಹುಡುಗೀದು ಹಂಸದ ನಡಿಗೆ" ಎಂದಿದ್ದರು. ಇಷ್ಟು ವರ್ಷದ ಮೇಲೆ ಅದರ ಅರ್ಥ ತಿಳಿಯಿತು.

"ಅಜ್ಜಿ, ವೇರ್ ಆರ್ ದ ಪರ್ಲ್ಸ್?"

"ಕೆಸರಲ್ಲಿ ಇರ್ತವೆ ಪುಟ್ಟಿ."

"ದಟ್ಸ್ ಎ ಪೊಟೇಟೋ, ಅಜ್ಜಿ" ಎಂದು ಹಾಲಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಸುಮ ತಟ್ಟನೆ ಕಸಿದುಕೊಂಡಳು. "ಏಯ್, ಕಾಡುಹಕ್ಕಿಗೆ ಏನೂ ಹಾಕಬಾರದು!" ಇವಳನ್ನು ಹೆತ್ತಿದ್ದು ಸಾರ್ಥಕ ಎಂದುಕೊಂಡೆ.

ವಾಪಸು ಬರುವಾಗ ಅನುಷಾ ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತಿದ್ದಳು. ನನ್ನ ಪಾಂಡಿತ್ಯ ಮುಗಿಯಿತು, ಇನ್ನು "ವಾವ್" ಇಲ್ಲ ಎಂದು ಲೆಕ್ಕ ಹಾಕಿದೆ. ಸೋಮವಾರ ಕ್ಲಾಸಿನಲ್ಲಿ ಏನು ಹೇಳುವುದೆಂದು ಯೋಚಿಸುತ್ತಿದ್ದಳೋ ಏನೋ, ಅರ್ಧ ದಾರಿಯಲ್ಲಿ ಅವಳೇ ಕೇಳಿದಳು: "ಅಜ್ಜಿ, ದೀಸ್ ಆರ್ ಅಮೆರಿಕನ್ ಸ್ವಾನ್ಸ್. ಯುವರ್ಸ್ ಆರ್ ಇನ್ ಮಂಡ್ಯ, ರೈಟ್?"

"ಹೂಂ ಮತ್ತೆ!" ಅಂದುಬಿಟ್ಟೆ.

"ಅಮ್ಮಾ!" ಎಂದು ಸುಮ ಕನ್ನಡಿಯಲ್ಲೇ ಕಣ್ಣು ಕೆಂಪಗೆ ಮಾಡಿದಳು.

"ನೀನು ರಸ್ತೆ ನೋಡ್ಕೊಂಡು ಓಡ್ಸು."

ಇಂಡಿಯಾ ಎಂದರೆ ಸೊಳ್ಳೆ ಎಂದು ಮೂಗು ಮುರಿಯುತ್ತಿದ್ದ ಹುಡುಗಿ ಆಗ ನನ್ನ ಕೈ ಹಿಡಿದು, ಒಂದೂ ಇಂಗ್ಲಿಷ್ ಮಾತು ಸೇರಿಸದೆ ಹೇಳಿದಳು: "ನಾನೂ ಮಂಡ್ಯಕ್ಕೆ ಬರ್ತೀನಿ. ಹಂಸ ತೋರಿಸು."

ಬೆಲ್ಟು ಇಲ್ಲದಿದ್ದರೆ ಕಾರಿನಲ್ಲೇ ಕುಣಿಯುತ್ತಿದ್ದೆ. ಮನೆಗೆ ಬಂದವಳೇ ಕಾಲಿಂಗ್ ಕಾರ್ಡಿನಲ್ಲಿ, ಮಂಡ್ಯದಲ್ಲೇ ಉಳಿದಿದ್ದ ಯಜಮಾನರಿಗೆ ಫೋನು ಮಾಡಿದೆ. "ರೀ, ರಜಕ್ಕೆ ಅನುಷಾ ಬರ್ತಾಳಂತೆ! ಅಷ್ಟರಲ್ಲಿ ಎಲ್ಲಾದ್ರೂ ಒಂದು ಬಿಳೀ ಬಾತುಕೋಳಿ ಹುಡುಕಿಡಿ."

ವಿಷಯ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು. "ಬಾತುಕೋಳಿ ನಾನು ತರ್ತೀನಿ ಕಣೇ. ನೀರು ಬಿಟ್ಟು ಹಾಲು ಕುಡಿಯೋದನ್ನ ನೀನೇ ಅದಕ್ಕೆ ಹೇಳ್ಕೊಡು. ಅದಕ್ಕೆ ಮುಂಚೆ ನೀನು ಕಲ್ತ್ಕೋ."

ಇವತ್ತು ಬೆಳಗ್ಗೆ ಯಾರೂ ಇಲ್ಲದಾಗ, ಕಾಫಿ ಲೋಟದಲ್ಲಿ ಒಂದು ಸಲ ಪ್ರಯತ್ನಿಸಿ ನೋಡಿದೆ. ಹಾಲೂ ನೀರೂ ಜೊತೆಯಾಗಿಯೇ ಒಳಗೆ ಹೋದವು.