ಬೀಳುವ ವಿದ್ಯೆಯಲ್ಲಿ ಪದವಿ

ವಿಮಾನಗಳ ಬಗ್ಗೆ ಪದವಿ ಓದಿದವನು ನಾನು ಎಂದು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ, ಕೊನೆಗೆ "ಹಾಗಾದ್ರೆ ನೀವು ಪೈಲಟ್ಟಾ?" ಎನ್ನುತ್ತಾರೆ. ಅಲ್ಲ ಎಂದರೆ ಅವರ ಮುಖ ಇಳಿದುಹೋಗುತ್ತದೆ, ನಾನೇನೋ ಅವರಿಗೆ ಮೋಸ ಮಾಡಿದ ಹಾಗೆ. ನಿಜ ಹೇಳಬೇಕೆಂದರೆ ನಾವು ಓದಿದ್ದು ಹಾರುವುದನ್ನಲ್ಲ, ಬೀಳುವುದನ್ನು. ಬಿಡದಿಯ ಸುತ್ತ ದಿನಕ್ಕೊಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಅವುಗಳ ಮಧ್ಯೆ ನಮ್ಮ ಕಾಲೇಜೂ ತಗಡಿನ ಛಾವಣಿ ಹೊದ್ದು ಎದ್ದು ನಿಂತಿತ್ತು. ಪ್ರಯೋಗಕ್ಕೆಂದು ರೆಕ್ಕೆ ಕಳಚಿದ ಒಂದು ಪುಟ್ಟ ವಿಮಾನವನ್ನು ಎಲ್ಲಿಂದಲೋ ಲಾರಿಯಲ್ಲಿ ತಂದು ಅಂಗಳದಲ್ಲಿ ಇಳಿಸಿದ್ದರು. ಅದರ ಹೊಟ್ಟೆಯಲ್ಲಿ ಬೀದಿನಾಯಿಯೊಂದು ಮರಿ ಹಾಕಿದ್ದರಿಂದ ಮೊದಲ ವರ್ಷವೆಲ್ಲ ನಾವು ಅದನ್ನು ದೂರದಿಂದಲೇ ಅಭ್ಯಾಸ ಮಾಡಿದೆವು.

ನಮಗೆ ಪಾಠ ಹೇಳುತ್ತಿದ್ದವರು ತಿಪ್ಪಸಂದ್ರದ ನಂಜಪ್ಪ ಮೇಷ್ಟ್ರು. ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತರಾಗಿದ್ದವರು. ಪಾಠ ಎಲ್ಲಿಂದ ಶುರುವಾದರೂ ಯಾವುದೋ ದೇಶದ ಹೊಲದಲ್ಲಿ ಬಿದ್ದ ವಿಮಾನದ ಹತ್ತಿರ ಹೋಗಿ ನಿಲ್ಲುತ್ತಿತ್ತು. "ಬಿತ್ತು ಅಂತ ಯಾರ್ ಬೇಕಾದ್ರೂ ಹೇಳ್ತಾರೆ. ಯಾಕ್ ಬಿತ್ತು ಅದನ್ನ ಹೇಳಿ" ಎಂದು ಮೇಜು ಗುದ್ದುತ್ತಿದ್ದರು. ಸಡಿಲವಾದ ಒಂದು ಬೋಲ್ಟು, ನಿದ್ದೆಗೆಟ್ಟ ಒಬ್ಬ ಮನುಷ್ಯ, ಸರಿಯಾಗಿ ಕೇಳಿಸದ ಒಂದು ಮಾತು. ಇಷ್ಟು ಸೇರಿದರೆ ನೂರಾರು ಜನ ಇಲ್ಲವಾಗುತ್ತಾರೆ ಎಂದು ಕೇಳಿ ಕೇಳಿ, ನನಗೆ ನಮ್ಮೂರು ಹೊಂಗನೂರಿನ ಬಸ್ಸು ಹತ್ತುವಾಗಲೂ ಡ್ರೈವರ್ ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಎಂದು ಅವನ ಕಣ್ಣು ನೋಡುವ ಚಟ ಹತ್ತಿಕೊಂಡಿತು. ಒಬ್ಬ ಡ್ರೈವರಂತೂ "ಏನ್ ಸಾಮಿ, ಎಣ್ಣು ಕೊಡೋರಂಗೆ ಹಿಂಗ್ ನೋಡ್ತೀರಲ್ಲಾ?" ಎಂದು ಕೇಳಿಯೇ ಬಿಟ್ಟ.

ನನ್ನ ಈ ಓದಿನಿಂದ ನಿಜವಾಗಿ ಸಂತೋಷಪಟ್ಟವನು ಅಣ್ಣ ಪುಟ್ಟಸ್ವಾಮಿ ಒಬ್ಬನೇ. ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸಕ್ಕಿದ್ದ. ಸಂಜೆ ಬೈಕು ನಿಲ್ಲಿಸಿ ಒಳಗೆ ಬರುವಾಗಲೇ "ಏನ್ಲಾ ಪೈಲಟ್ಟು, ಇವತ್ತೆಲ್ಲಿ ಬಿತ್ತು?" ಎನ್ನುತ್ತಿದ್ದ. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತ ಅವ್ವ "ಅನ್ನ ಉಣ್ಣೋ ಒತ್ತಲ್ಲಿ ಎಂಥ ಮಾತ್ಲಾ ಅದು" ಎಂದು ಗದರಿದರೂ ಅವನು ಬಿಡುತ್ತಿರಲಿಲ್ಲ. ಕತೆ ಪೂರ್ತಿ ಕೇಳಿ "ಥೂ, ಒಂದ್ ಬೋಲ್ಟ್ ನೋಡ್ಕಳಾಕ್ ಆಗ್ನಿಲ್ವಾ ಆ ನನ್ಮಕ್ಳಿಗೆ" ಎಂದು ಬೈದು, ಅದೇ ಸಮಾಧಾನದಲ್ಲಿ ಮತ್ತೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದ.

ನಾನು ಕೊನೆಯ ವರ್ಷದಲ್ಲಿದ್ದಾಗ ಅವನು ಕೆಲಸ ಮುಗಿಸಿ ಬರುವ ದಾರಿಯಲ್ಲಿ ಸತ್ತ. ಸುತ್ತಿಕೊಂಡು ಹೋಗುವುದು ಬೇಡವೆಂದು ಯಾರೋ ಹೆದ್ದಾರಿಯ ಡಿವೈಡರ್ ಒಡೆದು ಸಂದು ಮಾಡಿಕೊಂಡಿದ್ದರು. ಅದರೊಳಗಿಂದ ಒಂದು ಟೆಂಪೋ ನುಗ್ಗಿ ಬಂದಿತ್ತು. ಪೊಲೀಸರು ಅತಿವೇಗ ಎಂದು ಬರೆದುಕೊಂಡರು. ನೆಂಟರು ಹಣೆಬರಹ ಎಂದರು. ಅವ್ವ ಅಳಲಿಲ್ಲ. ರೇಷ್ಮೆ ಹುಳುಗಳಿಗೆ ಸೂತಕ ಗೊತ್ತಿಲ್ಲವಲ್ಲ, ಅವು ಕೊನೆಯ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಮೇಯುವ ಹಂತದಲ್ಲಿದ್ದವು. ಅವ್ವ ಬಾಯಿ ಬಿಡದೆ ಸೊಪ್ಪು ಹಾಕುತ್ತಾ ಹೋದಳು. ಮನೆಯಲ್ಲಿ ಕೇಳಿಸುತ್ತಿದ್ದದ್ದು ಹುಳುಗಳು ಮೇಯುವ ಸದ್ದು ಮಾತ್ರ.

ಆಗ ನಂಜಪ್ಪ ಮೇಷ್ಟ್ರು ಬಂದರು. ಸತ್ತ ಮನೆಯಲ್ಲಿ ಏನು ಮಾತಾಡಬೇಕು ಎನ್ನುವುದು ಅವರಿಗೆ ಒಂಚೂರೂ ತಿಳಿಯದು. ಒಳಗೆ ಬಂದು ಕೂತವರೇ ಅವ್ವನನ್ನು ಕೇಳಿದರು:

"ಅವತ್ತು ಸರ್ಯಾಗ್ ನಿದ್ದೆ ಮಾಡಿದ್ನಾ ತಾಯಿ?"

ಸೋದರತ್ತೆ ಸೆರಗಿನ ಮರೆಯಲ್ಲಿ "ಸತ್ತ ಮನೇಲಿ ಇದೆಂಥ ಮಾತ್ ಕೇಳ್ತಾವ್ನೆ ಈವಯ್ಯ" ಎಂದಳು. ಅವ್ವ ಮಾತ್ರ ತಲೆ ಎತ್ತಿದಳು.

"ಇಲ್ಲ ಕಣ್ ಮೇಷ್ಟ್ರೇ. ಎರಡ್ ದಿನದಿಂದ ಓಟಿ ಮಾಡಿದ್ದ. ಎಬ್ರಿಸಾಕೇ ಮನ್ಸು ಬರ್ನಿಲ್ಲ ನಂಗೆ."

"ತಿಂಡಿ ತಿಂದಿದ್ನಾ?"

"ಅರ್ಧ ಮುದ್ದೆ ಉಂಡ. ಸಂಜೀಕ್ ಬಂದು ಮಿಕ್ಕಿದ್ದು ಉಣ್ತೀನಿ, ಮಡಗವ್ವ ಅಂದ."

ಅಷ್ಟು ಹೇಳಿ ಅವ್ವ ಗೋಳೋ ಎಂದು ಅತ್ತಳು. ಅತ್ತು ಅತ್ತು, ಅವನ ಬೈಕಿನ ಬ್ರೇಕಿನ ವಿಷಯ, ಕಣ್ಣಿನ ವಿಷಯ, ಬೈಕಿನಲ್ಲಿ ಅವನು ಕೂರುತ್ತಿದ್ದ ರೀತಿ, ಕೇಳಿದ್ದನ್ನೂ ಕೇಳದ್ದನ್ನೂ ಹೇಳಿದಳು. ಅವನು ಹೇಗೆ ಹೊರಟ ಎಂದು ಅಲ್ಲಿಯವರೆಗೆ ಯಾರೂ ಅವಳನ್ನು ಕೇಳಿರಲಿಲ್ಲ.

ಮಾರನೆಯ ಸಂಜೆ ಮೇಷ್ಟ್ರು ಅಪ್ಪನನ್ನೂ ನನ್ನನ್ನೂ ಆ ಜಾಗಕ್ಕೆ ಕರೆದುಕೊಂಡು ಹೋದರು. ಅಣ್ಣ ಬರುತ್ತಿದ್ದ ದಿಕ್ಕಿಗೆ ಮುಖ ಮಾಡಿಸಿ ಅಪ್ಪನನ್ನು ರಸ್ತೆಯ ಅಂಚಿಗೆ ನಿಲ್ಲಿಸಿದರು. ಮುಳುಗುವ ಸೂರ್ಯ ನೆಟ್ಟಗೆ ಕಣ್ಣಿಗೆ ಹೊಡೆಯುತ್ತಿದ್ದ.

"ಆ ಸಂದು ಕಾಣ್ತದಾ ಗೌಡ್ರೇ?"

"ಏನೂ ಕಾಣಾಕಿಲ್ಲ" ಎಂದ ಅಪ್ಪ. ಸೂರ್ಯ ಮುಳುಗಿ ಎಲ್ಲ ಕಾಣುವಂತಾದ ಮೇಲೂ ಹಾಗೆಯೇ ನಿಂತಿದ್ದ. ಕೊನೆಗೆ "ಅವ್ನ ತಪ್ಪಲ್ಲ ಅನ್ನಿ" ಎಂದ.

ಮೂವರೂ ಸೇರಿ ಆ ಸಂದಿಗೆ ಕಲ್ಲು ಉರುಳಿಸಿ ಮುಚ್ಚಿದೆವು. ವಾರದೊಳಗೆ ಯಾರೋ ಕಲ್ಲು ಸರಿಸಿದ್ದರು. ಅಪ್ಪ ಹಾರೆ ಹಿಡಿದು ಬಸ್ಸು ಹತ್ತಿ ಹೋಗಿ ಮತ್ತೆ ಮುಚ್ಚಿದ. ಪಕ್ಕದ ಟೀ ಅಂಗಡಿಯವನು "ಅಣ್ಣೋ, ಅಷ್ಟು ದೂರ ಸುತ್ಕಂಡ್ ಬರಾಕ್ ಆಯ್ತದಾ ಜನ?" ಎಂದು ಕೇಳಿದನಂತೆ. "ನನ್ ಮಗ ಊರೆಲ್ಲಾ ಸುತ್ಕಂಡ್ ಬಂದಿದ್ರೂ ಆಗಿತ್ತು ಕಣಪ್ಪ, ಬಂದಿದ್ರೆ ಸಾಕಾಗಿತ್ತು" ಎಂದನಂತೆ ಅಪ್ಪ. ಅಂಗಡಿಯವನು ಕಣ್ಣೊರೆಸಿಕೊಂಡು ಅಪ್ಪನಿಗೆ ಟೀ ಕೊಟ್ಟ, ಕಾಸು ಮುಟ್ಟಲಿಲ್ಲ. ಮಾರನೆಯ ದಿನ ಕಾಲೇಜಿನ ಬಸ್ಸಿನಿಂದ ನೋಡಿದರೆ ಸಂದು ಮತ್ತೆ ತೆರೆದಿತ್ತು. ರಸ್ತೆಯವರು ಬಂದು ಅಲ್ಲಿ ಗಟ್ಟಿ ಗೋಡೆ ಕಟ್ಟುವಷ್ಟರಲ್ಲಿ ಇನ್ನೂ ಇಬ್ಬರ ಜೀವ ಹೋಗಿತ್ತು. ಅಪ್ಪ ಮಾತ್ರ ಅಲ್ಲಿಯತನಕ ಹಾರೆ ಕೆಳಗಿಡಲಿಲ್ಲ.

ನಾನು ಪಾಸಾದೆ. ಅಪಘಾತ ತನಿಖೆಯ ವಿಷಯದಲ್ಲಿ ಕ್ಲಾಸಿಗೇ ಹೆಚ್ಚು ನಂಬರು ಬಂತು. ಯಾವ ವಿಮಾನದ ಕಂಪನಿಯೂ ನನ್ನನ್ನು ಕರೆಯಲಿಲ್ಲ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ವಿಭಾಗಕ್ಕೆ ಸೇರಿಕೊಂಡೆ. ಅಲ್ಲಿ ನನ್ನನ್ನು ಕಂಡರೆ ಜನ ಟೋಪಿ ಹಾಕಿಕೊಳ್ಳುತ್ತಾರೆ, ನಾನು ಬೆನ್ನು ತಿರುಗಿಸಿದರೆ ತೆಗೆಯುತ್ತಾರೆ.

ಕೆಲವು ವರ್ಷದ ಮೇಲೆ ಕಾರ್ಖಾನೆಯ ಕೆಲಸದ ಮೇಲೆ ಮೊದಲ ಸಲ ವಿಮಾನ ಹತ್ತಿದೆ. ಗಗನಸಖಿ ಬೆಲ್ಟು ಹಾಕುವುದನ್ನು ತೋರಿಸುವಾಗ ಇಡೀ ವಿಮಾನದಲ್ಲಿ ಕಣ್ಣು ಮಿಟುಕಿಸದೆ ನೋಡಿದವನು ನಾನೊಬ್ಬನೇ. ಬಾಗಿಲು ಎಷ್ಟು ಸಾಲು ಹಿಂದಿದೆ ಎಂದು ಎಣಿಸಿದೆ. ರೆಕ್ಕೆಯ ಬೋಲ್ಟುಗಳನ್ನು ಕಿಟಕಿಯಿಂದ ಕಂಡಷ್ಟು ನೋಡಿದೆ. ವಿಮಾನ ಓಡಲು ಶುರುವಾದಾಗ ಪಕ್ಕದ ಹಿರಿಯರ ಕೈ ಹಿಡಿದುಕೊಂಡಿದ್ದೆನಂತೆ. ನನಗೆ ಗೊತ್ತಾಗಲಿಲ್ಲ. ಮೇಲೆ ಹೋದಮೇಲೆ ಅವರು ಮೆಲ್ಲಗೆ ಕೈ ಬಿಡಿಸಿಕೊಂಡು, "ಇದೆಲ್ಲಾ ಹೇಗೆ ಹಾರುತ್ತೆ ಅಂತ ಒಸಿ ಓದಿ ತಿಳ್ಕೊಂಡ್ರೆ ಭಯ ಹೋಗುತ್ತೆ ನೋಡಿ. ನೀವೇನು ಓದಿರೋದು?" ಎಂದು ಕೇಳಿದರು.

"ಬಿ.ಕಾಂ. ಸಾರ್" ಎಂದೆ.